ಕಡವೆಯ ಜಾಡು, ಮಾತಿನ ಜಾಡು

ಈಶಾನ್ಯ ಮಾರುತದ ಮಳೆ ಹಿಂಜರಿದು ಮಾರ್ಗಶಿರದ ಮಂಜು ಇಳಿಯುವ ಹೊತ್ತಿಗೆ ಕಂಬಂ ಕಣಿವೆಯ ಇಕ್ಕೆಲದ ಬೆಟ್ಟಗಳು ಹಸಿರಾಗಿ ನಿಂತಿರುತ್ತವೆ. ಪೂರ್ವಕ್ಕೆ ಮೇಘಮಲೆ, ಪಶ್ಚಿಮಕ್ಕೆ ಕೇರಳದ ಏಲಕ್ಕಿ ಬೆಟ್ಟಗಳು. ನಡುವೆ ಮುಲ್ಲೈ ಪೆರಿಯಾರಿನ ನೀರುಂಡ ಗದ್ದೆ, ತೆಂಗಿನ ತೋಟ, ದ್ರಾಕ್ಷಿಯ ಚಪ್ಪರ. ಹಗಲೆಲ್ಲ ಇಳಿಜಾರಿನ ಕಾಡಿನ ನೆರಳಿನಲ್ಲಿ ಮಲಗುವ ಕಡವೆಗಳು ಕತ್ತಲಾದ ಮೇಲೆ ಮೇವಿಗೂ ನೀರಿಗೂ ಕೆಳಗಿಳಿಯುತ್ತವೆ. ಒಂದು ಕಾಲದಲ್ಲಿ ಇಂಥ ಬೆಟ್ಟದ ಸೀಮೆಗಳಲ್ಲೆಲ್ಲ ಇದು ಬೇಟೆಗಾರನ ಸುಗ್ಗಿಯಾಗಿತ್ತು. ಇಂದು ಬಿಲ್ಲಾಗಲಿ ಬಲೆಯಾಗಲಿ ಹಿಡಿದು ಕಾಡು ಹೊಕ್ಕವನ ಸುಗ್ಗಿ ನ್ಯಾಯಾಲಯದ ಕಟಕಟೆಯಲ್ಲಿ ಮುಗಿಯುತ್ತದೆ. ಹಾಗಾದದ್ದು ನ್ಯಾಯವೇ. ಆದರೆ ಬೇಟೆ ನಿಂತಾಗ ಅದರೊಡನೆ ಕಾಡನ್ನು ಓದುವ ಒಂದು ವಿದ್ಯೆಯೂ ಆ ವಿದ್ಯೆಯನ್ನು ಹೊತ್ತ ಮಾತೂ ಮರೆಯಾಗುತ್ತವೆ. ಮನೆಯೊಳಗೆ ಮಾತ್ರ ಕನ್ನಡ ಉಳಿದಿರುವ ಸೀಮೆಯಲ್ಲಿ ಈ ನಷ್ಟ ಇತರೆಡೆಗಿಂತ ದೊಡ್ಡದು.

ತೇನಿ ಮತ್ತು ದಿಂಡುಗಲ್ ಜಿಲ್ಲೆಗಳಲ್ಲಿ ಅಂಥ ಮನೆಗಳು ಉಂಟು. ಕಪ್ಪಿಲಿಯರು ಮತ್ತು ಅನುಪ್ಪರು ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ತೆಂಕಣಕ್ಕೆ ನಡೆದುಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ಹೊರಗೆ ತಮಿಳು, ಮನೆಯೊಳಗೆ ಕನ್ನಡ. ಬರೆಯುವುದಾದರೆ ತಮಿಳು ಲಿಪಿ. 1906ರ ಮದುರಾ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಅವರೂ, 1909ರಲ್ಲಿ ಪ್ರಕಟವಾದ ತಮ್ಮ ಸಂಪುಟಗಳಲ್ಲಿ ಎಡ್ಗರ್ ಥರ್ಸ್ಟನ್ ಅವರೂ ಈ ಜನರ ವಿಷಯವನ್ನು ಬರೆದಿಟ್ಟಿದ್ದಾರೆ. ಕಂಬಂನಲ್ಲಿ ಕಪ್ಪಿಲಿಯರು ಪೂಜಿಸುವ ದನಗಳ ಹಿಂಡಿಗೆ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದೂ ಅವರ ಕನ್ನಡದಲ್ಲಿ ‘ದೇವರು ಆವು’ ಎಂದೂ ಹೆಸರಿತ್ತೆಂಬುದು ಆ ದಾಖಲೆಗಳಿಂದ ತಿಳಿಯುತ್ತದೆ. ‘ಆವು’ ಎಂಬುದು ಹಳಗನ್ನಡದ ಮಾತು. ಕರ್ನಾಟಕದ ಬಹುಪಾಲು ಜನ ಆಕಳು, ಹಸು ಎಂದು ಮಾತು ಬದಲಿಸಿಕೊಂಡ ಮೇಲೂ ಕಂಬಂನ ದೊಡ್ಡಿಯಲ್ಲಿ ಆ ಹಳೆಯ ಪದ ಉಸಿರಾಡಿಕೊಂಡಿತ್ತು. ಪದವನ್ನು ಉಳಿಸಿದ್ದು ಪುಸ್ತಕವಲ್ಲ, ನಿತ್ಯದ ಕೆಲಸ. ಕೆಲಸ ನಿಂತರೆ ಪದವೂ ನಿಲ್ಲುತ್ತದೆ.

ಬೇಟೆಯ ಮಾತುಗಳಿಗೆ ಒದಗಿರುವುದು ಇದೇ ಅಪಾಯ. ಕನ್ನಡ ಮತ್ತು ತಮಿಳು ಒಂದೇ ಕಾಡಿನಲ್ಲಿ ಬೆಳೆದ ಅಕ್ಕತಂಗಿಯರೆಂಬುದಕ್ಕೆ ಈ ಮಾತುಗಳೇ ಸಾಕ್ಷಿ. ತಮಿಳಿನ ವೇಟ್ಟೈ ಕನ್ನಡದಲ್ಲಿ ಬೇಟೆ. ಅಲ್ಲಿಯ ವಿಲ್ ಇಲ್ಲಿ ಬಿಲ್ಲು. ಅಲ್ಲಿಯ ವೇಡನ್ ಇಲ್ಲಿ ಬೇಡ. ಅಂಬು ಎರಡೂ ಕಡೆ ಅಂಬೇ. ತಮಿಳರ ಕಡಮಾನ್ ಕನ್ನಡಿಗರ ಕಡವೆ. ಕನ್ನಡದ ದಿನಬಳಕೆಯಲ್ಲಿಯೂ ಬೇಡನ ನುಡಿ ಹೊಕ್ಕುಹೋಗಿದೆ. ಹೊಂಚು ಹಾಕುವುದು, ಜಾಡು ಹಿಡಿಯುವುದು, ಉರುಲಿಗೆ ಬೀಳುವುದು, ಗುರಿ ತಪ್ಪುವುದು ಎನ್ನುವಾಗ ಯಾರಿಗೂ ಕಾಡಿನ ನೆನಪಾಗುವುದಿಲ್ಲ. ಬಾಣವನ್ನೂ ಹೂಡುತ್ತಾರೆ, ನೇಗಿಲನ್ನೂ ಹೂಡುತ್ತಾರೆ, ಮೊಕದ್ದಮೆಯನ್ನೂ ಹೂಡುತ್ತಾರೆ. ಕಂಬಂ ಕಣಿವೆಯಂಥ ಸೀಮೆಯ ಇತಿಹಾಸವನ್ನೆಲ್ಲ ಈ ಒಂದು ಕ್ರಿಯಾಪದದ ಮೂರು ಕರ್ಮಗಳಲ್ಲಿ ಹೇಳಿ ಮುಗಿಸಬಹುದು. ಮಲೆನಾಡಿನ ಬೇಟೆಯ ಮಾತಿನಲ್ಲಂತೂ ಕೋವಿ ಬಂದ ಮೇಲೂ ಬೇಟೆಗಾರ ಕಾದು ನಿಲ್ಲುವ ಜಾಗವನ್ನು ‘ಬಿಲ್ಲು’ ಎಂದೇ ಕರೆದರು. ಗಿಡಗಂಟಿಗಳ ನಡುವೆ ಸದ್ದು ಮಾಡುತ್ತ ಮೃಗವನ್ನು ಎಬ್ಬಿಸುವುದನ್ನು ‘ಸೋಹು’ ಎಂದರು. ಆಯುಧ ಹೋದರೂ ಹೆಸರು ಉಳಿಯಿತು.

ಬಿಲ್ಲಿನ ಬೇಟೆಯನ್ನು ಶೌರ್ಯದ ಕಥೆಯೆಂದು ತಿಳಿದವರೇ ಹೆಚ್ಚು. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಸೋಲಿನ ಕಥೆ. ಇದಕ್ಕೆ ಕಾರಣ ಬಹಳ ಸರಳ. ಮರದ ಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ ಸುಮಾರು 45 ಮೀಟರ್ ಸಾಗುತ್ತದೆಂದು ಇಟ್ಟುಕೊಂಡರೆ, 25 ಮೀಟರ್ ದೂರದ ಕಡವೆಯನ್ನು ಮುಟ್ಟಲು ಅದಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ಬೇಕು. ಹೆದೆಯ ಸದ್ದಾದರೋ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಹರಿದು, ಅಷ್ಟು ಕಾಲದ ಏಳನೆಯ ಒಂದು ಪಾಲಿನೊಳಗೇ ಮೃಗದ ಕಿವಿಯನ್ನು ಸೇರುತ್ತದೆ. ಉಳಿದ ಕ್ಷಣದಲ್ಲಿ ಮೃಗ ಮೈ ಕುಗ್ಗಿಸಿ ನೆಗೆಯಲು ಅಣಿಯಾಗುತ್ತದೆ. ಎದೆಗೆ ಹೂಡಿದ ಬಾಣ ಬೆನ್ನ ಮೇಲೆ ಹಾರಿಹೋಗುತ್ತದೆ, ಇಲ್ಲವೇ ನಾಟಬಾರದ ಕಡೆ ನಾಟುತ್ತದೆ. ಗುಂಡಿನಂತೆ ಬಾಣ ಪೆಟ್ಟಿನ ಬಲದಿಂದ ಕೆಡಹುವುದಿಲ್ಲ. ಅದು ರಕ್ತ ಹರಿಸಿ ಕೊಲ್ಲುತ್ತದೆ. ಗಾಯಗೊಂಡ ಕಡವೆ ಇಳಿಜಾರು ಹಿಡಿದು ಓಡುತ್ತದೆ. ಆಗ ಬೇಟೆಗಾರನಿಗೆ ಬೇಕಾದದ್ದು ತೋಳಿನ ಬಲವಲ್ಲ, ಕಾಯುವ ಬುದ್ಧಿ. ಒಡನೆಯೇ ಬೆನ್ನಟ್ಟಿದರೆ ಮೃಗ ಇನ್ನೂ ದೂರ ಓಡಿ, ಯಾರಿಗೂ ಸಿಗದೆ, ಯಾವುದೋ ಪೊದೆಯಲ್ಲಿ ನರಳಿ ಸಾಯುತ್ತದೆ.

ಗಾಳಿಯ ಲೆಕ್ಕ ಇನ್ನೊಂದು. ಬಿಸಿಲೇರಿದಂತೆ ಬೆಟ್ಟದ ಮೈ ಕಾದು ಗಾಳಿ ಕಣಿವೆಯಿಂದ ಮೇಲಕ್ಕೆ ಹರಿಯುತ್ತದೆ. ಹೊತ್ತು ಮುಳುಗಿದ ಮೇಲೆ ತಣಿದ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಹಗಲಿನಲ್ಲಿ ಮೃಗಕ್ಕಿಂತ ಮೇಲೆ, ಸಂಜೆಯ ಮೇಲೆ ಅದಕ್ಕಿಂತ ಕೆಳಗೆ ಕೂರಬೇಕು. ತಪ್ಪಿದರೆ ಮನುಷ್ಯನ ವಾಸನೆ ಅವನಿಗಿಂತ ಮೊದಲೇ ಹೋಗಿ ಸುದ್ದಿ ಮುಟ್ಟಿಸುತ್ತದೆ. ನೈಋತ್ಯ ಮಾರುತ ಕಣಿವೆಯಲ್ಲಿ ನುಗ್ಗುವ ತಿಂಗಳುಗಳಲ್ಲಿ ಈ ಲೆಕ್ಕವೂ ಕೆಡುತ್ತದೆ. ಆ ಗಾಳಿಯಲ್ಲಿ ಹಗುರವಾದ ಬಾಣಕ್ಕೆ ದಾರಿಯೇ ಇಲ್ಲ. ಮಾಸಿಯ ಬಿಸಿಲು ಬಂದರೆ ತರಗೆಲೆ ಹೆಜ್ಜೆಹೆಜ್ಜೆಗೂ ಸದ್ದು ಮಾಡುತ್ತದೆ, ಬೆಟ್ಟಕ್ಕೆ ಬೆಂಕಿಯ ಭಯ ಹತ್ತುತ್ತದೆ. ಬೋಡಿನಾಯಕನೂರಿನ ಮೇಲಿನ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಹೊತ್ತಿದ ಕಾಡ್ಗಿಚ್ಚು ಚಾರಣಕ್ಕೆ ಹೋದವರ ಜೀವ ತೆಗೆದದ್ದನ್ನು ಈ ಸೀಮೆ ಮರೆತಿಲ್ಲ. ಹೀಗೆ ವರ್ಷದ ಹನ್ನೆರಡು ತಿಂಗಳಲ್ಲಿ ಬಿಲ್ಲಿಗೆ ಒಲಿಯುವ ದಿನಗಳು ಎಣಿಕೆಯವು; ಆ ದಿನಗಳಲ್ಲಿಯೂ ಬರಿಗೈಯಲ್ಲಿ ಮರಳುವುದೇ ವಾಡಿಕೆ. ಈ ಸೋಲುಗಳೇ ಬೇಟೆಗಾರನಿಗೆ ಕಾಡನ್ನು ಕಲಿಸಿದವು. ಯಾವ ಹೆಜ್ಜೆ ಇಂದಿನದು, ಯಾವ ಹಿಕ್ಕೆ ನಿನ್ನೆಯದು, ಕಡವೆ ಯಾವ ತೊಗಟೆಗೆ ಕೊಂಬು ಉಜ್ಜಿತು, ಯಾವ ಕೂಗು ಹುಲಿಗೆ, ಯಾವ ಕೂಗು ಮನುಷ್ಯನಿಗೆ ಎಂಬುದೆಲ್ಲ ಹಾಗೆ ಬಂದ ತಿಳಿವು.

ಪುರಾಣಗಳನ್ನು ಕಟ್ಟಿದವರಿಗೂ ಈ ಸೋಲು ಗೊತ್ತಿತ್ತು. ಪಾಂಡುವಿನ ಬಾಣ ಜಿಂಕೆಯ ರೂಪದಲ್ಲಿದ್ದ ಮುನಿಗೆ ತಾಗಿ ಶಾಪವಾಯಿತು. ದಶರಥ ಸದ್ದಿಗೆ ಗುರಿಯಿಟ್ಟು, ನೀರು ತುಂಬಲು ಬಂದ ಹುಡುಗನನ್ನು ಕೊಂದ. ರಾಮ ಹೊನ್ನ ಜಿಂಕೆಯ ಬೆನ್ನು ಹತ್ತಿ ಸೀತೆಯನ್ನು ಕಳೆದುಕೊಂಡ. ಜಿಂಕೆಯೆಂದು ಭ್ರಮಿಸಿದ ಬೇಡನ ಬಾಣ ಕೃಷ್ಣನ ಪಾದಕ್ಕೆ ನಾಟಿತು. ಎರಡು ಮಹಾಕಾವ್ಯಗಳ ದೊಡ್ಡ ದುಃಖಗಳು ಮೃಗಕ್ಕೆಂದು ಹೂಡಿದ ಅಂಬಿನಿಂದಲೇ ಮೊದಲಾಗುತ್ತವೆ.

ಕನ್ನಡ ನಾಡಿನ ಕಲ್ಲುಗಳಲ್ಲಿಯೂ ಇದರ ಗುರುತು ಇದೆ. ಹಂಪೆಯ ಮಹಾನವಮಿ ದಿಬ್ಬದ ಸುತ್ತಲಿನ ಕೆತ್ತನೆಯಲ್ಲಿ ಜಿಂಕೆಗಳ ಬೇಟೆ ಸಾಲುಸಾಲಾಗಿ ಮೆರೆಯುತ್ತದೆ. ಮಂಡ್ಯ ಸೀಮೆಯ ಆತಕೂರಿನ ಕ್ರಿ.ಶ. 949ರ ಶಾಸನದ ದನಿ ಬೇರೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ ವರ ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡವನಿಗೆ ಆ ನಾಯಿ ಮಾಡಿದ ಪಾಪ ತಟ್ಟುವುದೆಂದೂ ಬರೆಸಿದರು. ಮೆಚ್ಚುಗೆಯ ಕಲ್ಲಿನಲ್ಲಿಯೇ ಪಾಪದ ಮಾತೂ ಇದೆ. ಬೇಟೆಯನ್ನು ಕೊಂಡಾಡಿದ ಕಾಲವೂ ಅದನ್ನು ನಿರ್ದೋಷಿಯೆಂದು ಬಗೆಯಲಿಲ್ಲ.

ಆದರೆ ಕಾಡನ್ನು ಬರಿದು ಮಾಡಿದ್ದು ಬಿಲ್ಲಲ್ಲ. ಕೋವಿ, ತೋಟಗಳಿಗಾಗಿ ಕಡಿದ ಕಾಡು, ಮೋಜಿನ ಶಿಕಾರಿ ಇವು ಕೂಡಿಬಂದಾಗ ಮೃಗಗಳ ಎಣಿಕೆ ಕುಸಿಯಿತು. ಇದನ್ನು ಮೊದಲು ಕಂಡು ಗಾಬರಿಗೊಂಡವರು ಬೇಟೆಗಾರರೇ. ನೀಲಗಿರಿಯಲ್ಲಿ ಬೇಟೆಗೆ ನಿಷೇಧದ ತಿಂಗಳುಗಳನ್ನು ಗೊತ್ತುಮಾಡಲು 1879ರಲ್ಲಿಯೇ ಕಾಯಿದೆ ಬಂತು. ಅಲ್ಲಿಯವರೆಗೆ ಮಳೆ, ಗಾಳಿ, ಬಸಿರು, ಬಾಣಂತನಗಳು ನಿರ್ಣಯಿಸುತ್ತಿದ್ದ ಕಾಲವನ್ನು ಅನಂತರ ಸರಕಾರ ನಿರ್ಣಯಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ಬಾಗಿಲನ್ನು ತುಸು ತೆರೆದಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಈ ಕಾಯಿದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಲು ಒಡ್ಡುವುದು, ಸೋಹಿ ಓಡಿಸುವುದು, ಆಮಿಷ ಇಡುವುದು, ಇವಕ್ಕೆ ಯತ್ನಿಸುವುದು ಎಲ್ಲವೂ ಬೇಟೆಯೇ. ಬಾಣ ಗುರಿ ತಪ್ಪಿತೆಂಬುದು ಕಾಡಿನಲ್ಲಿ ಸೋಲು. ನ್ಯಾಯಾಲಯದಲ್ಲಿ ಅದು ನೆಪವಾಗದು. ಮೇಘಮಲೆಯ ಕಾಡು ಮೊದಲು ಅಭಯಾರಣ್ಯವಾಗಿ, 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೇರಿತು. ಹುಲಿಗೆ ಕಡವೆಯೇ ಮುಖ್ಯ ಆಹಾರವಾದ್ದರಿಂದ, ಒಂದು ಕಡವೆಯ ಲೆಕ್ಕ ಇಂದು ಹುಲಿಯ ಲೆಕ್ಕವೂ ಹೌದು.

ಇಷ್ಟಾದರೂ ಬೇಟೆಯ ಋತು ಜನರ ಮನಸ್ಸಿನಿಂದ ಅಳಿದಿಲ್ಲ. ಮದುರೆ, ದಿಂಡುಗಲ್ ಸೀಮೆಯ ಕೆಲವು ಹಳ್ಳಿಗಳಲ್ಲಿ ಶಿವರಾತ್ರಿಯ ಆಸುಪಾಸಿನಲ್ಲಿ ‘ಪಾರಿ ವೇಟ್ಟೈ’ ಎಂಬ ಮೊಲದ ಬೇಟೆ ಕುಲಾಚಾರವಾಗಿ ನಡೆದುಬಂದಿದೆ. ಗಂಡಸರು ಗುಂಪುಗೂಡಿ ನಾಯಿ, ಬಲೆ, ದೊಣ್ಣೆಗಳೊಡನೆ ಹೊರಟು, ಸಿಕ್ಕಿದ್ದನ್ನು ದೇವರ ಮುಂದಿಟ್ಟು ಹಂಚಿಕೊಳ್ಳುವ ರೂಢಿ. ಮೊಲವೂ ಕಾಯಿದೆಯ ರಕ್ಷಣೆಯ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆ ಎಚ್ಚರಿಕೆ ಕೊಡುತ್ತದೆ, ಕಾವಲು ಹಾಕುತ್ತದೆ, ದಂಡ ವಿಧಿಸುತ್ತದೆ. ಹಬ್ಬಕ್ಕೆ ಹೊರಟ ಹುಡುಗನ ಹೆಸರಿಗೆ ಒಂದು ಮೊಕದ್ದಮೆ ಬೀಳುತ್ತದೆ. ಮುಂದೆ ಅವನು ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಒಂದು ಮೊಲದ ಬೆಲೆ ಎಷ್ಟೆಂದು ಮನೆಯವರಿಗೆಲ್ಲ ತಿಳಿಯುತ್ತದೆ.

ಇನ್ನೊಂದು ಕಡೆ ರೈತನ ದುಃಖವಿದೆ. ಕಾಡಿನಂಚಿನ ಹೊಲಕ್ಕೆ ಕಡವೆ, ಜಿಂಕೆ, ಹಂದಿಗಳು ರಾತ್ರಿ ಇಳಿದರೆ ಬೆಳಗಾಗುವಷ್ಟರಲ್ಲಿ ಅವರೆ, ಜೋಳ, ತರಕಾರಿಯ ಸಾಲುಗಳು ಬೋಳಾಗುತ್ತವೆ. ನಿಂತ ಬೆಳೆಗೆ ಹಾನಿ ಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಕ್ರಮ ಕೈಗೊಳ್ಳಲು ಕಾಯಿದೆಯಲ್ಲಿ ಅವಕಾಶ ಉಂಟು. ಆದರೆ ಆ ಅಧಿಕಾರ ಇಲಾಖೆಯ ಮೇಲಧಿಕಾರಿಯದು, ರೈತನದಲ್ಲ. ರೈತನಿಗೆ ಉಳಿದದ್ದು ತಮಟೆ, ಪಟಾಕಿ, ಬೇಲಿ ಮತ್ತು ಪರಿಹಾರದ ಅರ್ಜಿ. ಪರಿಹಾರದ ಹಣ ಬೇಗನೆ ಬಂದರೆ ಕಾಯಿದೆಯ ಮೇಲೆ ಅವನಿಗೆ ಗೌರವ ಹುಟ್ಟುತ್ತದೆ. ತಡವಾದರೆ ಹೊಲದ ಬದುವಿನಲ್ಲಿ ಉರುಲು ಹುಟ್ಟುತ್ತದೆ. ಉರುಲಿಗೆ ಕಡವೆಯೂ ಒಂದೇ, ಚಿರತೆಯೂ ಒಂದೇ. ಬಿಲ್ಲು ಹಿಡಿದವನು ಕಡೆಯ ಪಕ್ಷ ಎದುರಿಗಿರುವುದು ಏನೆಂದು ನೋಡಿ ಬಾಣ ಬಿಡುತ್ತಿದ್ದ. ಉರುಲಿಗೆ ಕಣ್ಣೂ ಇಲ್ಲ, ಋತುವೂ ಇಲ್ಲ.

ಹಾಗಿದ್ದರೆ ಬೇಟೆಯ ಹಬ್ಬಕ್ಕೆ ಬೇರೆ ದಾರಿ ಉಂಟೆ? ದಿಂಡುಗಲ್ ಜಿಲ್ಲೆಯಲ್ಲಿಯೇ ಒಂದು ದಾರಿ ಬಹುಕಾಲದಿಂದ ಇದೆ. ಪಳನಿಯಲ್ಲಿ ನವರಾತ್ರಿ ಮುಗಿದು ವಿಜಯದಶಮಿ ಬಂದಾಗ ದೇವರ ಉತ್ಸವ ಹತ್ತಿರದ ಕೋದೈಮಂಗಲಕ್ಕೆ ಸಾಗುತ್ತದೆ. ಅಲ್ಲಿ ಅಸುರನ ಹೆಸರಿನಲ್ಲಿ ಬಾಳೆಯ ಕಂಬಕ್ಕೆ ಅಂಬು ಬಿಡುತ್ತಾರೆ. ಬಿಲ್ಲು, ಅಂಬು, ಮೆರವಣಿಗೆ, ಜನಸಂದಣಿ ಎಲ್ಲವೂ ಇವೆ; ಪ್ರಾಣ ಹೋಗುವುದಿಲ್ಲ. ಅಂದೇ ಮೈಸೂರಿನಲ್ಲಿ ಜಂಬೂ ಸವಾರಿ ಬನ್ನಿಮಂಟಪದತ್ತ ನಡೆಯುತ್ತದೆ. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತ ಆಯುಧಪೂಜೆಯ ಹಬ್ಬ. ಹಿಂದೆ ಅದರ ಬೆನ್ನಿಗೇ ಸಾಮೂಹಿಕ ಬೇಟೆ ಹೊರಡುತ್ತಿತ್ತು. ಇಂದು ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಆ ಜಾಗಕ್ಕೆ ಬಂದಿದೆ. ಕೊಡವರ ಕೋವಿಯೂ ಉಳಿಯಿತು, ಕಡವೆಯೂ ಉಳಿಯಿತು.

ಕನ್ನಡ ಸಾಹಿತ್ಯ ಇಲ್ಲಿ ಒಂದು ಎಚ್ಚರಿಕೆಯನ್ನು ನೀಡುತ್ತದೆ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಅರಸನು ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಬಳಲುತ್ತಾರೆ. ವಸ್ತು ಬದಲಾದರೆ ಸಾಲದು, ಮನಸ್ಸೂ ಬದಲಾಗಬೇಕೆಂಬುದು ಜೈನಕವಿಯ ಅಭಿಪ್ರಾಯ. ಬಾಳೆಗೆ ಅಂಬು ಬಿಟ್ಟು ಮನೆಗೆ ಬಂದವನು ರಾತ್ರಿ ಬದುವಿಗೆ ಉರುಲು ಕಟ್ಟಿದರೆ ಹಬ್ಬ ಬರಿಯ ವೇಷವಾಗುತ್ತದೆ. ಮನಸ್ಸು ಬದಲಾದುದಕ್ಕೆ ಸಾಕ್ಷಿಯೂ ಈ ಕಣಿವೆಯಲ್ಲಿಯೇ ಇದೆ. ಕಂಬಂನ ನಂದಗೋಪಾಲ ಸ್ವಾಮಿಯ ತಂಬಿರಾನ್ ದೊಡ್ಡಿಯ ದನಗಳನ್ನು ನೊಗಕ್ಕೆ ಹೂಡುವುದಿಲ್ಲ. ಹಿಂಡಿನ ಪಟ್ಟದ ಹೋರಿ ತೀರಿಕೊಂಡರೆ, ಮುಂದಿಟ್ಟ ಕಬ್ಬನ್ನು ಮೊದಲು ಬಾಯಿಗೆ ತೆಗೆದುಕೊಂಡ ಹೋರಿಗೆ ಪಟ್ಟ. ಅರಸನನ್ನು ಆರಿಸುವ ಅಧಿಕಾರವನ್ನು ದನಕ್ಕೇ ಬಿಟ್ಟುಕೊಟ್ಟ ಜನರಿಗೆ, ಕಡವೆಯನ್ನು ಅದರ ಪಾಡಿಗೆ ಬಿಡುವುದು ಅಸಾಧ್ಯದ ಮಾತಲ್ಲ.

ಉಳಿಯುವ ಪ್ರಶ್ನೆ ಮಾತಿನದು. ಇದಕ್ಕೆ ದೂರದ ಕ್ಯಾಲಿಫೋರ್ನಿಯಾದ ಒಂದು ಪ್ರಸಂಗ ಕನ್ನಡಿ ಹಿಡಿಯುತ್ತದೆ. 1911ರಲ್ಲಿ ಓರೋವಿಲ್ ಎಂಬ ಊರಿನ ಬಳಿ ಹಸಿದು ಸೊರಗಿದ ಒಬ್ಬ ಮನುಷ್ಯ ಕಾಡಿನಿಂದ ಹೊರಬಂದ. ಯಾಹಿ ಎಂಬ ಆದಿವಾಸಿ ಕುಲದಲ್ಲಿ ಉಳಿದವನು ಅವನೊಬ್ಬನೇ. ವಿದ್ವಾಂಸರು ಅವನನ್ನು ಇಶಿ ಎಂದು ಕರೆದು ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ಇರಿಸಿಕೊಂಡರು. ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯ ಅವನಿಂದ ಬಿಲ್ಲು ಮಾಡುವುದನ್ನೂ ಬಾಣ ಬಿಡುವುದನ್ನೂ ಕಲಿತು, 1923ರಲ್ಲಿ ಪುಸ್ತಕ ಬರೆದ. ಅಮೆರಿಕದ ಬಿಲ್ಲುಬೇಟೆಯ ಹವ್ಯಾಸಕ್ಕೆ ಅದು ಮೂಲವಾಯಿತು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಜಿಂಕೆಗೆಂದೇ ಬಿಲ್ಲುಬೇಟೆಯ ಋತುವನ್ನು ಗೊತ್ತುಮಾಡಿತು. ಇಂದು ಅಲ್ಲಿಯ ರಾಜ್ಯಗಳಲ್ಲಿ ಪರವಾನಗಿ ಪಡೆದು ಪ್ರತಿ ಶರತ್ಕಾಲ ಬಿಲ್ಲು ಹಿಡಿದು ಹೊರಡುವವರು ಬಹಳ. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಹಿಂದಿನ ಬೇಸಿಗೆಯಲ್ಲಿ ಎಡ್ವರ್ಡ್ ಸಪೀರ್ ಎಂಬ ಭಾಷಾವಿಜ್ಞಾನಿ ಅವನ ಬಾಯಿಂದ ಬರೆದುಕೊಂಡಷ್ಟು ಮಾತು ಕಾಗದದಲ್ಲಿ ಉಳಿಯಿತು; ಆಡುವವರು ಉಳಿಯಲಿಲ್ಲ. ಅಲ್ಲಿ ಬಿಲ್ಲು ಬದುಕಿತು, ನುಡಿ ಸತ್ತಿತು.

ಕಂಬಂ ಕಣಿವೆಯಲ್ಲಿ ಇದಕ್ಕೆ ವಿರುದ್ಧವಾದದ್ದು ಸಾಧ್ಯ. ಬಿಲ್ಲು ಸುಮ್ಮನಾಗಲಿ, ನುಡಿ ಬದುಕಲಿ. ಇದಕ್ಕೆ ದೊಡ್ಡ ಸಂಸ್ಥೆಯೂ ಅನುದಾನವೂ ಬೇಡ. ಹಿರಿಯರು ಬದುಕಿರುವಾಗಲೇ ಮನೆಯ ಕಿರಿಯರು ಕುಳಿತು ಕೇಳಬೇಕು: ಎಳೆಯ ಕಡವೆಗೆ ಏನೆನ್ನುತ್ತಾರೆ, ಕೊಂಬು ಉದುರಿದ್ದಕ್ಕೆ ಏನು, ಬೆಟ್ಟದಿಂದ ಇಳಿಯುವ ಸಂಜೆಯ ಗಾಳಿಗೆ ಯಾವ ಹೆಸರು, ಹಳೆಯ ಹೆಜ್ಜೆಗೂ ಹೊಸ ಹೆಜ್ಜೆಗೂ ಬೇರೆಬೇರೆ ಮಾತು ಉಂಟೆ, ಮೃಗ ಬೆದರಿ ಕೂಗುವುದಕ್ಕೆ ಯಾವ ಪದ. ಕನ್ನಡ ಲಿಪಿ ಬಾರದಿದ್ದರೆ ತಮಿಳು ಲಿಪಿಯಲ್ಲಿ ಬರೆಯಲಿ. ಬರೆಯಲು ಬಾರದಿದ್ದರೆ ಕೈಯಲ್ಲಿರುವ ಫೋನಿನಲ್ಲಿ ದನಿ ಹಿಡಿಯಲಿ. ಕಾಡಿನ ಪ್ರಾಣಿಗಳನ್ನು ಎಣಿಸಲು ಹೊರಡುವ ಅರಣ್ಯ ಸಿಬ್ಬಂದಿಗೂ ಹಿಕ್ಕೆ, ಹೆಜ್ಜೆ, ಉಜ್ಜಿದ ತೊಗಟೆಗಳೇ ಆಧಾರ. ಬೇಡನ ವಿದ್ಯೆ ಕಾವಲುಗಾರನ ವಿದ್ಯೆಯಾಗಿ ಮುಂದುವರಿಯಲು ಅಡ್ಡಿಯಿಲ್ಲ. ಬೆಟ್ಟದ ಪಳಿಯರ ಮಕ್ಕಳಿಗೂ ಕಣಿವೆಯ ರೈತರ ಮಕ್ಕಳಿಗೂ ಅದು ಗೌರವದ ಉದ್ಯೋಗವಾಗಬಲ್ಲದು.

ಈ ವರ್ಷದ ಮಂಜಿನಲ್ಲಿಯೂ ಕಡವೆಗಳು ಮೇಘಮಲೆಯ ಮಗ್ಗುಲಿನಿಂದ ನೀರಿಗೆ ಇಳಿಯುತ್ತವೆ. ಮರುದಿನ ಬೆಳಗ್ಗೆ ಒದ್ದೆಮಣ್ಣಿನಲ್ಲಿ ಅವುಗಳ ಗೊರಸಿನ ಗುರುತು ಮೂಡಿರುತ್ತದೆ. ಅದನ್ನು ನೋಡಿ ಇದು ಕಡವೆ, ಇದು ಹೆಣ್ಣು, ಜೊತೆಗೊಂದು ಮರಿ, ಹೋದದ್ದು ಬೆಳಗಿನ ಜಾವ ಎಂದು ತನ್ನ ಮನೆಯ ಕನ್ನಡದಲ್ಲಿ ಹೇಳಬಲ್ಲ ಅಜ್ಜ ಇದ್ದರೆ, ಆ ಹೆಜ್ಜೆಯ ಬಳಿ ಮೊಮ್ಮಗನನ್ನೂ ನಿಲ್ಲಿಸಿಕೊಂಡು ಹೇಳಲಿ.